ರೈಲಾ, ವಿಮಾನನಾ, ಕಾರಾ? ಅಪ್ಪ-ಅಮ್ಮನ ಜೊತೆ ಫ್ರಾನ್ಸಿನ ಹಳ್ಳಿಗೆ

"ಇಲ್ಲಿ ಹಳ್ಳಿ ಅಂತ ಏನೂ ಇಲ್ವಾ?"

ಪ್ಯಾರಿಸ್‌ಗೆ ಬಂದ ಹತ್ತನೇ ದಿನ ಅಮ್ಮ ಕೇಳಿದ ಪ್ರಶ್ನೆ ಇದು. ಅಷ್ಟರಲ್ಲಿ ಐಫೆಲ್ ಗೋಪುರ ಮುಗಿದಿತ್ತು, ಲೂವ್ರ್ ಮುಗಿದಿತ್ತು, ಸೀನ್ ನದಿಯ ದೋಣಿ ವಿಹಾರವೂ ಆಗಿತ್ತು. ಆಫೀಸಿನ ಪ್ರಾಜೆಕ್ಟ್ ಮೇಲೆ ಬಂದ ನಾನು ಇರೋದು ಪ್ಯಾರಿಸ್‌ನ 13ನೇ ವಿಭಾಗದಲ್ಲಿ, ಆರನೇ ಮಹಡಿಯ ಪುಟ್ಟ ಮನೆಯಲ್ಲಿ. ಸಾಗರದ ಹತ್ತಿರದ ನಮ್ಮೂರಲ್ಲಿ ಅಮ್ಮ ಬೆಳಗ್ಗೆ ಎದ್ದರೆ ನೇರ ಅಂಗಳಕ್ಕೆ ಇಳಿಯುತ್ತಾಳೆ. ಇಲ್ಲಿ ಕಿಟಕಿ ತೆಗೆದರೆ ಎದುರು ಮನೆಯವರ ಕಿಟಕಿ. "ಹತ್ತು ದಿನ ಆಯ್ತು, ಕಾಲಿಗೆ ಮಣ್ಣು ತಾಗಿಲ್ಲ ಮಾರಾಯ" ಅಂದಳು.

ಆಫೀಸಿನ ಗೆಳೆಯರನ್ನು ಕೇಳಿದೆ. ನೈಋತ್ಯ ಫ್ರಾನ್ಸಿನ ದೋರ್ದೋನ್ ಪ್ರದೇಶಕ್ಕೆ ಹೋಗು ಅಂದರು. ನದಿ, ಗುಡ್ಡ, ಕಲ್ಲಿನ ಮನೆಗಳು, ಅಕ್ರೋಟು ತೋಟಗಳು. ಸಾರ್ಲಾ ಅನ್ನೋ ಹಳೇ ಪೇಟೆಯಿಂದ ಎಂಟು ಕಿಲೋಮೀಟರ್ ಆಚೆ ಒಂದು ಹಳ್ಳಿ ಮನೆ ಸಿಕ್ಕಿತು. ಇಂಥ ಬಾಡಿಗೆ ಮನೆಗಳಿಗೆ ಅಲ್ಲಿ 'ಜೀತ್' ಅಂತಾರೆ. ಅಡುಗೆಮನೆ ಇರುತ್ತೆ ಅನ್ನೋದು ನಮಗೆ ದೊಡ್ಡ ವಿಷಯ. ಆ ಕಡೆ ಹೋಟೆಲಿನ ಮೆನು ತುಂಬಾ ಬಾತುಕೋಳಿಯೇ. ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ.

ಮನೆ ಬುಕ್ ಆಯ್ತು. ಸೆಪ್ಟೆಂಬರ್ ಕೊನೆ, ಶುಕ್ರವಾರದಿಂದ ಮಂಗಳವಾರದವರೆಗೆ. ಉಳಿದಿದ್ದು ಒಂದೇ ಪ್ರಶ್ನೆ: ಹೋಗೋದು ಹೇಗೆ?

ಎಕ್ಸೆಲ್ ಶೀಟ್ ಮತ್ತು ಅಪ್ಪನ ಪ್ರಶ್ನೆ

ಸಾಫ್ಟ್‌ವೇರ್‌ನವರು ಏನು ಮಾಡ್ತಾರೆ? ಎಕ್ಸೆಲ್ ತೆಗೀತಾರೆ. ನಾನೂ ತೆಗೆದೆ. ಸಾಲುಗಳಲ್ಲಿ ವಿಮಾನ, ರೈಲು, ಕಾರು. ಕಾಲಂಗಳಲ್ಲಿ ಸಮಯ, ದುಡ್ಡು.

ಮೊದಲು ವಿಮಾನ. ಆ ಕಡೆಯ ದೊಡ್ಡ ನಗರ ಬೋರ್ಡೋ. ನಮ್ಮ ಮನೆಗೆ ಹತ್ತಿರದ ಓರ್ಲಿ ನಿಲ್ದಾಣದಿಂದ ಬೋರ್ಡೋಗೆ ವಿಮಾನವೇ ಇಲ್ಲ. ಫ್ರಾನ್ಸ್ 2021ರಲ್ಲಿ ಒಂದು ಹವಾಮಾನ ಕಾನೂನು ಮಾಡಿತು. ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ಮುಟ್ಟಬಹುದಾದ ಊರಿಗೆ ದೇಶದೊಳಗಿನ ವಿಮಾನ ಬೇಡ ಅನ್ನೋದು ಅದರ ಸಾರ. 2023ರ ಮೇ ತಿಂಗಳಲ್ಲಿ ಆದೇಶ ಬಂದಾಗ ಅದರಡಿ ಬಂದಿದ್ದು ಓರ್ಲಿಯಿಂದ ಬೋರ್ಡೋ, ನಾಂತ್ ಮತ್ತು ಲಿಯೋಂಗೆ ಹೋಗೋ ಮೂರೇ ಮಾರ್ಗ. ಬೆರ್ಜರಾಕ್‌ನಲ್ಲೂ ಒಂದು ಸಣ್ಣ ನಿಲ್ದಾಣ ಇದೆ, ಆದರೆ ಅಲ್ಲಿಗೆ ಬರೋದು ಹೆಚ್ಚಾಗಿ ಬ್ರಿಟನ್ನಿನ ವಿಮಾನಗಳು. ಉಳಿದಿದ್ದು ಬ್ರೀವ್ ಅನ್ನೋ ಊರು. ಓರ್ಲಿಯಿಂದ ಸಣ್ಣ ವಿಮಾನ, ಹಾರಾಟ ಸುಮಾರು ಒಂದು ಗಂಟೆ. ಶೀಟ್‌ನಲ್ಲಿ ಸಮಯದ ಕಾಲಂ ನೋಡಿದರೆ ಇದೇ ಗೆದ್ದಿತ್ತು.

ಎರಡನೇದು ಟಿಜಿವಿ ರೈಲು. ಪ್ಯಾರಿಸ್‌ನ ಮಾಂಪರ್ನಾಸ್ ಸ್ಟೇಷನ್ನಿನಿಂದ ಬೋರ್ಡೋಗೆ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು. 2017ರಲ್ಲಿ ಹೊಸ ಹೈಸ್ಪೀಡ್ ಹಳಿ ಬಂದ ಮೇಲೆ ಇಷ್ಟು ಬೇಗ. ಅಲ್ಲಿ ಇಳಿದು ಟಿಇಆರ್ ಅನ್ನೋ ಪ್ರಾದೇಶಿಕ ರೈಲು ಹತ್ತಬೇಕು. ಅದು ಸೇಂಟ್ ಎಮಿಲಿಯೋಂ ದ್ರಾಕ್ಷಿ ತೋಟ ದಾಟಿ, ಬೆರ್ಜರಾಕ್ ದಾಟಿ, ನದಿ ಪಕ್ಕದಲ್ಲೇ ಸಾರ್ಲಾಗೆ ಹೋಗುತ್ತೆ. ಎರಡೂವರೆ ಗಂಟೆಗೂ ಹೆಚ್ಚು. ಸಾರ್ಲಾ ಕೊನೇ ಸ್ಟೇಷನ್.

ಮೂರನೇದು ಪ್ಯಾರಿಸ್‌ನಿಂದಲೇ ಬಾಡಿಗೆ ಕಾರು. ಐನೂರು ಕಿಲೋಮೀಟರಿಗೂ ಹೆಚ್ಚು, ನಿಲ್ಲದೆ ಹೋದರೆ ಐದೂವರೆ ಗಂಟೆ. ಒಳ್ಳೇ ವಿಷಯ ಅಂದರೆ ವ್ಯೇರ್ಜೋಂ ದಾಟಿದ ಮೇಲೆ ಬ್ರೀವ್‌ವರೆಗೆ ಎ20 ಹೆದ್ದಾರಿಗೆ ಟೋಲ್ ಇಲ್ಲ. ಮೂವರಿದ್ದರೆ ಕಾರಿನ ಲೆಕ್ಕ ಹಗುರ. ರೈಲು ಟಿಕೆಟ್ ತಲೆಗೊಂದು, ಕಾರಿನ ಬಾಡಿಗೆ ಎಷ್ಟು ತಲೆ ಇದ್ದರೂ ಒಂದೇ.

ಅಪ್ಪ ಕನ್ನಡಕ ಹಾಕಿಕೊಂಡು ಲ್ಯಾಪ್‌ಟಾಪ್ ನೋಡಿದರು. 31 ವರ್ಷ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು. ಸಮಯ, ದುಡ್ಡು ಯಾವುದನ್ನೂ ಕೇಳಲಿಲ್ಲ.

"ಲಗೇಜು ಎಷ್ಟು ಸಲ ಇಳಿಸಿ ಹತ್ತಿಸಬೇಕು?"

ಆ ಕಾಲಂ ನನ್ನ ಶೀಟ್‌ನಲ್ಲಿ ಇರಲಿಲ್ಲ.

"ನಿನ್ನ ಅಮ್ಮನ ಮಂಡಿ ನೋಡಿದ್ದೀಯಲ್ಲ" ಅಂದರು. "ರೈಲು ಎಷ್ಟು ಫಾಸ್ಟ್ ಹೋದರೇನು? ಇಳಿದ ಮೇಲೆ ಏನು ಅದನ್ನ ಹೇಳು. ತಾಳಗುಪ್ಪದವರೆಗೆ ರೈಲು ಬರುತ್ತೆ. ನಮ್ಮ ಮನೆ ಬಾಗಿಲಿಗೆ ಬರುತ್ತಾ?"

ಇದು ನನಗೆ ಗೊತ್ತಿಲ್ಲದ ವಿಷಯ ಅಲ್ಲ. ಬೆಂಗಳೂರಿಂದ ರಾತ್ರಿ ರೈಲು ಹತ್ತಿ ತಾಳಗುಪ್ಪದಲ್ಲಿ ಇಳಿದು, ಬ್ಯಾಗ್ ಹೊತ್ತು ಆಟೋ ಹುಡುಕಿದ ನೆನಪು ಎಷ್ಟು ಇಲ್ಲ? ಆದರೂ ಫ್ರಾನ್ಸ್ ಅಂದ ಕೂಡಲೇ ಅದನ್ನೆಲ್ಲ ಮರೆತು ಗಂಟೆ ಎಣಿಸುತ್ತಾ ಕೂತಿದ್ದೆ.

ಹೊಸ ಕಾಲಂ ಹಾಕಿ ಮತ್ತೆ ಎಣಿಸಿದೆ. ಟಿಜಿವಿ ದಾರಿಯಲ್ಲಿ ಮೆಟ್ರೋ, ದೊಡ್ಡ ರೈಲು, ಬೋರ್ಡೋದಲ್ಲಿ ಪ್ಲಾಟ್‌ಫಾರ್ಮ್ ಬದಲಿಸಿ ಸಣ್ಣ ರೈಲು, ಕೊನೆಗೆ ಟ್ಯಾಕ್ಸಿ. ನಾಲ್ಕು ಸಲ ಹತ್ತಿ ನಾಲ್ಕು ಸಲ ಇಳಿಯೋದು. ಅಷ್ಟಾದ ಮೇಲೂ ಹಳ್ಳಿಯಲ್ಲಿ ಕೈಯಲ್ಲಿ ಗಾಡಿ ಇಲ್ಲ. ಅಲ್ಲಿನ ಹಳ್ಳಿ ಬಸ್ಸುಗಳು ಹೆಚ್ಚಾಗಿ ಶಾಲೆ ಮಕ್ಕಳ ವೇಳೆಗೆ ಓಡೋವು. ವಿಮಾನದ್ದು ಇನ್ನೊಂದು ಕಥೆ. ಬ್ರೀವ್ ನಿಲ್ದಾಣದಲ್ಲಿ ಇಳಿದರೂ ಕಾರು ಬೇಕೇ ಬೇಕು. ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ. ಕೈ ಬ್ಯಾಗಿನಲ್ಲಿ 100 ಮಿ.ಲೀ.ಗಿಂತ ಹೆಚ್ಚು ದ್ರವ ಬಿಡಲ್ಲ, ಚೆಕ್-ಇನ್ ಬ್ಯಾಗಿಗೆ ಹಾಕಿದರೆ ಒಡೆಯುತ್ತೆ ಅಂತ ಅಮ್ಮನ ಹಟ. ವಿಮಾನದ ಸಾಲನ್ನು ಅಲ್ಲಿಗೇ ಅಳಿಸಿದೆ.

ಶೀಟ್‌ನಲ್ಲಿ ಬರೆಯದ ಕಾಲಂ

ಹಾಗಾದರೆ ಪ್ಯಾರಿಸ್‌ನಿಂದಲೇ ಕಾರು ತಗೊಂಡರೆ ಆಯ್ತಲ್ಲ? ಒಂದೇ ಸಲ ಲಗೇಜು ಹಾಕಿದರೆ ಮನೆ ಬಾಗಿಲಲ್ಲೇ ಇಳಿಸೋದು. ಅಪ್ಪನಿಗೂ ಅದೇ ಇಷ್ಟ.

ನಾನು ಟ್ರಾಫಿಕ್ಕು, ಪಾರ್ಕಿಂಗು, ಪ್ಯಾರಿಸ್ ಸುತ್ತಿನ ರಿಂಗ್ ರೋಡಿನ ಗಲಾಟೆ ಅಂತ ಏನೇನೋ ಹೇಳಿದೆ. ನಿಜ ಕಾರಣ ಬೇರೆ ಇತ್ತು. ಅಪ್ಪನ ಪಕ್ಕ ಕೂತು ಕಾರು ಓಡಿಸೋದಕ್ಕೆ ನನಗೆ ಹೆದರಿಕೆ.

ಇಂಜಿನಿಯರಿಂಗ್ ಕೊನೇ ವರ್ಷದಲ್ಲಿ ಅಪ್ಪ ಒಂದು ಹಳೇ ಮಾರುತಿ ತಂದಿದ್ದರು. ಊರಿಗೆ ಹೋದಾಗ ತಿರುವಿನಲ್ಲಿ ಅದನ್ನ ಕಾಂಪೌಂಡ್ ಗೋಡೆಗೆ ಗುದ್ದಿದೆ. ಅಪ್ಪ ಬೈಯಲಿಲ್ಲ. ಬಂಪರ್ ನೋಡಿದರು, ನನ್ನ ನೋಡಿದರು. "ನಿನಗೆ ರೋಡು ಕಾಣಲ್ಲ, ನೀನು ಕಂಪ್ಯೂಟರ್ ನೋಡ್ಕೊಂಡು ಇರು" ಅಂದರು. ಅಷ್ಟೇ. ಆಮೇಲೆ ಬೆಂಗಳೂರಲ್ಲಿ ನಾನೇ ಕಾರು ತಗೊಂಡೆ, ಚಿಕ್ಕಮಗಳೂರು, ಕೊಡಗು ಎಲ್ಲ ಓಡಿಸಿದೆ. ಅಪ್ಪ ಬಂದಾಗ ಮಾತ್ರ ಯಾವಾಗಲೂ ಕ್ಯಾಬ್ ಬುಕ್ ಮಾಡ್ತಿದ್ದೆ. ಎಂಟು ವರ್ಷ ಹೀಗೇ ನಡೀತು.

ಅವರೇ ಓಡಿಸಲಿ ಅಂದರೆ ಅದೂ ಆಗಲ್ಲ. ಕಣ್ಣಿನ ಪೊರೆ ಆಪರೇಷನ್ ಆದ ಮೇಲೆ ಅಪ್ಪ ಸ್ಟೇರಿಂಗ್ ಮುಟ್ಟಿಲ್ಲ. ನನ್ನ ಹತ್ತಿರ ಮಾತ್ರ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇತ್ತು. ಅದು ಇದ್ದಿದ್ದೂ ಅಪ್ಪನ ಕಾಟದಿಂದಲೇ. ನಾನು ಹೊರಡೋ ಮೊದಲು "ಆರ್‌ಟಿಒಗೆ ಹೋಗಿ ತಗೊಂಡು ಇಟ್ಕೋ, ಕಾಗದ ಏನು ಅನ್ನ ಕೇಳುತ್ತಾ?" ಅಂತ ಹಟ ಮಾಡಿ ಮಾಡಿಸಿದ್ದರು.

ಕೊನೆಗೆ ಒಂದು ಮಧ್ಯದ ದಾರಿ ಸಿಕ್ಕಿತು. ಪ್ಯಾರಿಸ್‌ನ ಆಸ್ಟರ್ಲಿಟ್ಜ್ ಸ್ಟೇಷನ್ನಿಂದ ಬ್ರೀವ್‌ಗೆ ನೇರ ರೈಲಿದೆ. ಲಿಮೋಜ್ ಮೇಲೆ ಹೋಗೋ ಹಳೇ ಮಾರ್ಗ, ಟಿಜಿವಿ ಅಲ್ಲ. ನಾಲ್ಕೂವರೆ ಗಂಟೆ. ಬ್ರೀವ್‌ನಲ್ಲಿ ಕಾರು ತಗೊಂಡರೆ ಸಾರ್ಲಾಗೆ 50 ಕಿಲೋಮೀಟರ್, ಒಂದು ಗಂಟೆ. ಮೂರೂ ಆಯ್ಕೆಗಳಲ್ಲಿ ಯಾವುದಕ್ಕಿಂತಲೂ ಇದು ಫಾಸ್ಟ್ ಅಲ್ಲ. ಆದರೆ ರೈಲು ಬದಲಿಸೋದಿಲ್ಲ, ಮಹಾನಗರದಲ್ಲಿ ಡ್ರೈವಿಂಗ್ ಇಲ್ಲ, ಹಳ್ಳಿಯಲ್ಲಿ ಗಾಡಿ ಇದೆ. ಐನೂರು ಕಿಲೋಮೀಟರ್ ಅಪ್ಪನ ಪಕ್ಕ ಕೂರೋ ಬದಲು ಐವತ್ತು. ಇಷ್ಟಕ್ಕೆ ಒಪ್ಪಿಕೊಂಡೆ.

ಊಟದ ಹೊತ್ತು

ಶುಕ್ರವಾರ ಬೆಳಗ್ಗೆ ಹೊರಟೆವು. ಮನೆಯಿಂದ ಆಸ್ಟರ್ಲಿಟ್ಜ್‌ಗೆ ಟ್ಯಾಕ್ಸಿಯಲ್ಲಿ ಹತ್ತು ನಿಮಿಷ. ರೈಲು ಮೊದಲು ಬಯಲಲ್ಲಿ ಜೋರಾಗಿ ಓಡಿತು. ಲಿಮೋಜ್ ಸ್ಟೇಷನ್ ಬಂದಾಗ ಅಮ್ಮ ಎದ್ದು ಕೂತಳು. ಗುಮ್ಮಟ, ಗಡಿಯಾರದ ಗೋಪುರ ಇರೋ ದೊಡ್ಡ ಕಟ್ಟಡ, 1929ರಲ್ಲಿ ತೆರೆದಿದ್ದು. ಅಲ್ಲಿಂದ ಮುಂದೆ ಹಳಿ ಗುಡ್ಡದ ನಡುವೆ ಸುತ್ತು ಹಾಕುತ್ತೆ, ರೈಲು ನಿಧಾನ. ಹಸು, ಹುಲ್ಲು, ಕಾಡು. "ಈಗ ನೋಡೋ ಹಾಗಿದೆ" ಅಂದಳು.

ಬ್ರೀವ್‌ನಲ್ಲಿ ಇಳಿದಾಗ ಹನ್ನೆರಡು ದಾಟಿತ್ತು. ಕಾರು ಬಾಡಿಗೆ ಆಫೀಸು ಸ್ಟೇಷನ್ ಎದುರೇ ಇತ್ತು. ಶಟರ್ ಎಳೆದಿತ್ತು. ಬಾಗಿಲ ಮೇಲೆ ಬರೆದಿದ್ದು: 12ರಿಂದ 14 ಗಂಟೆ ಬಂದ್.

ತಪ್ಪು ನನ್ನದೇ. ಫ್ರಾನ್ಸಿನ ಸಣ್ಣ ಊರುಗಳಲ್ಲಿ ಇಂಥ ಆಫೀಸುಗಳು ಮಧ್ಯಾಹ್ನ ಎರಡು ಗಂಟೆ ಮುಚ್ಚೋದು ಮಾಮೂಲು. ಎಷ್ಟೋ ಕಡೆ ಶನಿವಾರ ಮಧ್ಯಾಹ್ನ ಮುಚ್ಚಿದರೆ ಸೋಮವಾರವೇ ತೆಗೆಯೋದು. ಬುಕಿಂಗ್ ಮೇಲ್‌ನಲ್ಲಿ ಅದು ಇತ್ತು. ಇಷ್ಟೆಲ್ಲ ಶೀಟ್ ಮಾಡಿದ ನಾನು ಅದನ್ನ ಓದಿರಲಿಲ್ಲ. ಬೆಂಗಳೂರಿನ ತಲೆ, ಕೌಂಟರ್ ಅಂದರೆ ತೆರೆದೇ ಇರುತ್ತೆ ಅಂತ.

ಅಪ್ಪ ಏನಾದರೂ ಅಂತಾರೆ ಅಂತ ಕಾದೆ. "ಡ್ರೈವರಿಗೂ ಹೊಟ್ಟೆ ಇರುತ್ತೆ, ಊಟ ಮಾಡ್ಲಿ ಬಿಡು" ಅಂದು ಬೆಂಚಿನ ಮೇಲೆ ಕೂತರು. ಅಮ್ಮ ಚಪಾತಿ ಡಬ್ಬಿ, ಅಪ್ಪೆಮಿಡಿ ಬಾಟಲಿ ತೆಗೆದಳು. ಬ್ರೀವ್ ಸ್ಟೇಷನ್ ಎದುರು ಕೂತು ಊಟ ಮಾಡಿದೆವು.

ಎರಡು ಗಂಟೆಗೆ ಸರಿಯಾಗಿ ಶಟರ್ ತೆರೀತು. ಪಾಸ್‌ಪೋರ್ಟ್, ನಮ್ಮ ಲೈಸೆನ್ಸ್, ಪರ್ಮಿಟ್, ಕ್ರೆಡಿಟ್ ಕಾರ್ಡ್ ಕೇಳಿದರು. ನನ್ನ ಫ್ರೆಂಚ್ ಬ್ಯಾಂಕ್ ಕಾರ್ಡಿನ ಮೇಲೆ 'ಡೆಬಿಟ್' ಅಂತ ಅಚ್ಚಾಗಿದೆ, ಅದು ನಡೆಯಲಿಲ್ಲ. ಊರಿಂದ ತಂದ ಕ್ರೆಡಿಟ್ ಕಾರ್ಡ್ ಉಳಿಸಿತು. ಡೆಪಾಸಿಟ್ ಅಂತ ಒಂದಷ್ಟು ನೂರು ಯೂರೋ ಅದರಲ್ಲಿ ಬ್ಲಾಕ್ ಮಾಡಿದರು. ಆಟೋಮ್ಯಾಟಿಕ್ ದುಬಾರಿ ಅಂತ ನಾನು ಗೇರಿನ ಕಾರೇ ತಗೊಂಡಿದ್ದೆ.

ಕೀ ಕೊಟ್ಟ ಕೂಡಲೇ ಅಪ್ಪ ಕಾರಿನ ಸುತ್ತ ಒಂದು ರೌಂಡ್ ಹಾಕಿದರು. ಟೈರ್ ಒತ್ತಿ ನೋಡಿದರು, ಬಗ್ಗಿ ಕೆಳಗೆ ಇಣುಕಿದರು, ಎಲ್ಲೆಲ್ಲಿ ಗೀರಿದೆ ಅಂತ ತೋರಿಸಿ ಫೋಟೋ ತೆಗೆಸಿದರು. ಡಿಪೋದಲ್ಲಿ ಬೆಳಗ್ಗೆ ಗಾಡಿ ತೆಗೆಯೋ ಮೊದಲು ಮಾಡ್ತಿದ್ದ ಕೆಲಸ.

ಐವತ್ತು ಕಿಲೋಮೀಟರ್

ಸ್ಟೇರಿಂಗ್ ಎಡಗಡೆ, ಗೇರು ಬಲಗೈಗೆ, ರೋಡಿನ ಬಲಭಾಗದಲ್ಲಿ ಓಡಿಸಬೇಕು. ತಲೆಗೆ ಗೊತ್ತಿದ್ದರೂ ಕೈಗೆ ಗೊತ್ತಿರಲ್ಲ. ಮೊದಲ ಹತ್ತು ನಿಮಿಷ ಗೇರು ಹಾಕೋಕೆ ಹೋಗಿ ಎಡಗೈಯಿಂದ ಬಾಗಿಲು ಮುಟ್ಟುತ್ತಿದ್ದೆ. ಆಮೇಲೆ ಬಂತು ವೃತ್ತ. ಫ್ರಾನ್ಸಿನಲ್ಲಿ ಎಲ್ಲಿ ನೋಡಿದರೂ ವೃತ್ತಗಳು. ಎಡಗಡೆಯಿಂದ, ಅಂದರೆ ಆಗಲೇ ವೃತ್ತದೊಳಗೆ ಇರೋರಿಗೆ ದಾರಿ ಬಿಟ್ಟು ಒಳಗೆ ಹೋಗಬೇಕು. ಹೋದೆ. ಯಾವ ರೋಡಿಗೆ ಹೊರಡಬೇಕು ಅಂತ ಗೊತ್ತಾಗದೆ ಒಂದು ಸುತ್ತು ಮುಗೀತು.

ಅಪ್ಪ ಮುಂದೆ ನೋಡುತ್ತಲೇ ಹೇಳಿದರು: "ಇನ್ನೊಂದು ಸುತ್ತು ಹಾಕು. ಇಲ್ಲಿ ಯಾರೂ ಟಿಕೆಟ್ ಕೇಳಲ್ಲ."

ನಾನು ನಕ್ಕೆ. ಹಿಂದಿನಿಂದ ಅಮ್ಮನೂ ನಕ್ಕಳು. ಅಲ್ಲಿಂದ ಕೈ ಸ್ವಲ್ಪ ಸಡಿಲ ಆಯ್ತು.

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಮಾತಾಡಿದರು. "ಗಾಡಿ ಬಲಗಡೆ ಎಳೀತಾ ಇದೀಯ. ನೀನು ಎಡಗಡೆ ಕೂತಿದೀಯ ಅನ್ನೋದು ಮೈಗೆ ಇನ್ನೂ ಗೊತ್ತಾಗಿಲ್ಲ. ಬಲಗಡೆ ಚರಂಡಿ ನಾನು ನೋಡ್ಕೋತೀನಿ, ನೀನು ನಡುವಿನ ಬಿಳಿ ಗೆರೆ ನೋಡು." ಈ ಮಾತು ಯಾವ ವಿಡಿಯೋದಲ್ಲೂ ನನಗೆ ಸಿಕ್ಕಿರಲಿಲ್ಲ. ಬಲಗಡೆ ಸ್ಟೇರಿಂಗ್ ರೂಢಿಯಾದವರು ಇಲ್ಲಿ ಓಡಿಸುವಾಗ ಗೊತ್ತಿಲ್ಲದೆ ರೋಡಿನ ಅಂಚಿಗೆ ಜಾರುತ್ತಾರೆ. ಅಪ್ಪ ಫ್ರಾನ್ಸಿನಲ್ಲಿ ಓಡಿಸಿದವರಲ್ಲ, ಇಪ್ಪತ್ತು ನಿಮಿಷ ನನ್ನ ಚಕ್ರ ನೋಡಿ ಕಂಡುಹಿಡಿದಿದ್ದರು.

ಹಳ್ಳಿ ಹತ್ತಿರ ಬಲಗಡೆಯ ಸಣ್ಣ ಓಣಿಯಿಂದ ಒಂದು ಟ್ರ್ಯಾಕ್ಟರ್ ನಿಲ್ಲದೆ ನುಗ್ಗಿತು. ಬ್ರೇಕ್ ಒತ್ತಿದೆ. ಬೋರ್ಡು, ಗೆರೆ ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರೋರಿಗೆ ಮೊದಲ ಹಕ್ಕು, ಓಣಿಯಾದರೂ ಸರಿ. ಓದಿದ್ದೆ, ಮರೆತಿದ್ದೆ. ಅಪ್ಪನಿಗೆ ರೂಲು ಹೇಳಿದೆ. "ಹಾಗಿದ್ರೆ ಅವನದ್ದೇ ಸರಿ. ನೀನು ಹಿಡಿದಿದ್ದೂ ಸರಿ" ಅಂದರು.

ಹಳ್ಳಿಯಲ್ಲಿ ನಾಲ್ಕು ದಿನ

ಮನೆ ಜೇನು ಬಣ್ಣದ ಕಲ್ಲಿನದ್ದು. ಪಕ್ಕದ ಕೊಟ್ಟಿಗೆಗೆ ಹೆಂಚಿನ ಬದಲು ಕಲ್ಲಿನ ಚಪ್ಪಡಿಯ ಮಾಡು. ಹಿಂದೆ ಅಕ್ರೋಟು ತೋಟ, ಕಾಯಿ ಉದುರೋ ಕಾಲ. ಅಮ್ಮ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ನಡೆದಳು. ಮನೆಯೊಡತಿ ಎಪ್ಪತ್ತರ ಅಜ್ಜಿ, ಅವರಿಗೆ ಫ್ರೆಂಚ್ ಬಿಟ್ಟು ಬೇರೆ ಬರಲ್ಲ. ಅಪ್ಪ ನನ್ನ ಫೋನಿನ ಟ್ರಾನ್ಸ್‌ಲೇಟರ್ ಹಿಡಿದು, ಮರಕ್ಕೆ ಎಷ್ಟು ವರ್ಷ, ಮಳೆ ಬಂದರೆ ಕಾಯಿ ಹೇಗೆ ಒಣಗಿಸ್ತೀರಿ ಅಂತ ವಿಚಾರಿಸಿದ್ದೇ ವಿಚಾರಿಸಿದ್ದು. ಅಡಿಕೆ ಕಂಡವರಿಗೆ ಒಣಗಿಸೋ ಚಿಂತೆ ಎಲ್ಲೇ ಹೋದರೂ ಬಿಡಲ್ಲ. ನಮ್ಮ ಅಪ್ಪೆಮಿಡಿಗೆ ಜಿಐ ಟ್ಯಾಗ್ ಇರೋ ಹಾಗೆ ಪೆರಿಗೋರ್ ಅಕ್ರೋಟಿಗೂ 2002ರಿಂದ ಅಂಥದ್ದೇ ಮಾನ್ಯತೆ ಇದೆ. ಎರಡನೇ ದಿನ ಅಮ್ಮ ಅಜ್ಜಿಗೆ ಒಂದು ಅಪ್ಪೆಮಿಡಿ ಕೊಟ್ಟಳು. ಅಜ್ಜಿ ಕಚ್ಚಿ, ಕಣ್ಣು ಮುಚ್ಚಿ, ನೀರು ಕುಡಿದರು. ಸಂಜೆ ಒಂದು ಬಾಟಲಿ ಅಕ್ರೋಟು ಎಣ್ಣೆ ತಂದುಕೊಟ್ಟರು.

ಕಾರು ಯಾಕೆ ಬೇಕಿತ್ತು ಅಂತ ಆ ದಿನಗಳಲ್ಲಿ ಗೊತ್ತಾಯ್ತು. ಶನಿವಾರ ಬೆಳಗ್ಗೆ ಸಾರ್ಲಾ ಸಂತೆ. ಭಾನುವಾರ ಲಾ ರೋಕ್-ಗಜಾಕ್, ಒಂದು ಕಡೆ ಬಂಡೆ, ಇನ್ನೊಂದು ಕಡೆ ನದಿ, ನಡುವೆ ಒಂದೇ ರೋಡು, ಒಂದೇ ಸಾಲು ಮನೆ. ಸೋಮವಾರ ಮೋಂತಿನ್ಯಾಕ್‌ನ ಲಾಸ್ಕೋ. 1940ರಲ್ಲಿ ನಾಲ್ಕು ಹುಡುಗರಿಗೆ ಸಿಕ್ಕ ಗುಹೆ, ಒಳಗೆ ಸುಮಾರು 17 ಸಾವಿರ ವರ್ಷ ಹಳೆಯ ಎತ್ತು, ಕುದುರೆಗಳ ಚಿತ್ರ. ಜನರ ಉಸಿರಿಗೇ ಚಿತ್ರ ಹಾಳಾಗುತ್ತೆ ಅಂತ 1963ರಲ್ಲಿ ಗುಹೆ ಮುಚ್ಚಿದರು. ಈಗ ನೋಡೋದು 2016ರಲ್ಲಿ ತೆರೆದ ಪೂರ್ತಿ ಪ್ರತಿಕೃತಿ. "ಅಸಲಿ ಉಳೀಲಿ ಅಂತ ನಕಲಿ ಮಾಡಿದಾರೆ, ಒಳ್ಳೇದೇ" ಅಂದಳು ಅಮ್ಮ.

ಮಂಗಳವಾರ ಬ್ರೀವ್‌ಗೆ ವಾಪಸ್. ಅದೇ ರೋಡು, ಅದೇ ವೃತ್ತಗಳು. ಅರ್ಧ ದಾರಿಯಲ್ಲಿ ಗಮನಿಸಿದೆ, ಬಲಗಡೆಯಿಂದ ಯಾವ ಸೂಚನೆಯೂ ಬರ್ತಿಲ್ಲ. ತಿರುಗಿ ನೋಡಿದರೆ ಅಪ್ಪ ತಲೆ ವಾಲಿಸಿ ನಿದ್ದೆ ಹೋಗಿದ್ದರು. ನನಗೆ ಬುದ್ಧಿ ಬಂದಾಗಿನಿಂದ ಬೇರೆಯವರು ಓಡಿಸೋ ಗಾಡಿಯಲ್ಲಿ ಅವರು ಕಣ್ಣು ಮುಚ್ಚಿದ್ದು ನೋಡಿಲ್ಲ. ಬಸ್ಸಲ್ಲಿ ಹೋದರೂ ಡ್ರೈವರ್ ಹಿಂದಿನ ಸೀಟು ಹಿಡಿದು ರೋಡು ನೋಡೋ ಮನುಷ್ಯ.

"ಏಳಿಸಬೇಡ" ಅಂತ ಅಮ್ಮ ಹಿಂದಿನಿಂದ ಪಿಸುಗುಟ್ಟಿದಳು.

ನೀವು ಹೋಗೋದಾದರೆ

ಒಬ್ಬರೇ, ಬೆನ್ನಿಗೊಂದು ಬ್ಯಾಗ್ ಹಾಕಿ ಹೋಗೋದಾದರೆ ಟಿಜಿವಿ ಮತ್ತು ಸಣ್ಣ ರೈಲು ಸಾಕು. ಸಾರ್ಲಾ ಪೇಟೆಯಲ್ಲೇ ಉಳಿಯಿರಿ. ಅಪ್ಪ-ಅಮ್ಮ ಅಥವಾ ಮಕ್ಕಳ ಜೊತೆಗಾದರೆ ದೂರದ ದಾರಿಗೆ ರೈಲು, ಕೊನೇ ದಾರಿಗೆ ಕಾರು. ಸ್ಟೇಷನ್ನಿಂದ ಮನೆ ಬಾಗಿಲಿಗೆ ಹೇಗೆ ಅನ್ನೋದನ್ನ ಮೊದಲು ನೋಡಿ, ಟಿಕೆಟ್ ಆಮೇಲೆ ಮಾಡಿ. ರೈಲು ಟಿಕೆಟ್ ಬೇಗ ಮಾಡಿದಷ್ಟೂ ಅಗ್ಗ. ಕಾರು ಕೌಂಟರ್ ಮಧ್ಯಾಹ್ನ ಮತ್ತು ಭಾನುವಾರ ತೆರೆದಿರುತ್ತಾ ಅಂತ ಓದಿಕೊಳ್ಳಿ, ನನ್ನ ಹಾಗೆ ಮಾಡಬೇಡಿ. ಓಡಿಸೋರ ಹೆಸರಲ್ಲೇ ಕ್ರೆಡಿಟ್ ಕಾರ್ಡ್ ಇರಲಿ. ಹಳ್ಳಿ ರೋಡಿನಲ್ಲಿ ಹೆಚ್ಚಿನ ಕಡೆ ವೇಗದ ಮಿತಿ 80, ಕೆಲವು ಕಡೆ 90, ಬೋರ್ಡ್ ನೋಡಿ. ಪೆಟ್ರೋಲ್ ಬಂಕಿನಲ್ಲಿ 'ಗಜೋಲ್' ಅಂದರೆ ಡೀಸೆಲ್, ಮರೆಯಬೇಡಿ.

ಫ್ರಾನ್ಸಿಗೆ ವಾಸಕ್ಕೆ ಬಂದವರಿಗೆ ನಮ್ಮ ಲೈಸೆನ್ಸ್ ನಡೆಯೋದು ಮೊದಲ ಒಂದು ವರ್ಷ ಮಾತ್ರ. ಪ್ರವಾಸಕ್ಕೆ ಬರೋರಾಗಲಿ, ಕೆಲಸಕ್ಕೆ ಬರೋರಾಗಲಿ, ಹೊರಡೋ ಮೊದಲು ಆರ್‌ಟಿಒಗೆ ಹೋಗಿ ₹1,000 ಕಟ್ಟಿ ಆ ಪರ್ಮಿಟ್ ಮಾಡಿಸಿಕೊಳ್ಳಿ. ಓಡಿಸಲಿ, ಬಿಡಲಿ. ಕಾಗದ ಏನು ಅನ್ನ ಕೇಳುತ್ತಾ?